ಅರವತ್ತರ ದಶಕದ ಕನ್ನಡ ಹಾಡು, ಸಿನಿಮಾ: ಅನುಭವ ಇದ್ದವರು ಹೇಳಿ

ಅಟ್ಟದಪೆಟ್ಟಿಗೆ: ಅಜ್ಜನ ಮನೆಯಲ್ಲಿ ಒಂದು ಪೆಟ್ಟಿಗೆ ತುಂಬಾ ಗ್ರಾಮಫೋನ್ ಪ್ಲೇಟು ಸಿಕ್ಕಿವೆ. ಜಾಸ್ತಿ 78ರವು, ಕೆಲವು 45ರವು (ನಿಮಿಷಕ್ಕೆ ಅಷ್ಟು ಸುತ್ತು ತಿರುಗುವಂಥವು). ಹೆಚ್ಚಿನವು ಅರವತ್ತರ ದಶಕದ ಕನ್ನಡ ಸಿನಿಮಾ ಹಾಡು. ಪ್ಲೇಯರ್ ಕೊಳ್ಳಬೇಕಾ, ಸುಮ್ನೆ ನೆಟ್‌ನಲ್ಲಿ ಕೇಳಿದರೆ ಸಾಕಾ? ಆ ಕಾಲದ, ಈಗ ಯಾರೂ ಮಾತಾಡದ ಸಿನಿಮಾಗಳನ್ನೂ ಹೇಳಿ.

ಹಳೇರೇಡಿಯೋ: ಕೊಳ್ಳಿ. ನಾನು ಕೊಂಡಿದ್ದು ಸೆಕೆಂಡ್ ಹ್ಯಾಂಡ್, ₹9,500. ತಂದು ನೋಡಿದರೆ ಬೆಲ್ಟ್ ಸಡಿಲ. ಹೊಸದಕ್ಕೆ ₹700. ಆಮೇಲೆ ವೇಗ ಏರುಪೇರು, ಪಿ.ಬಿ. ಶ್ರೀನಿವಾಸ್ ಅವರಿಗೇ ನೆಗಡಿ ಬಂದ ಹಾಗೆ ಕೇಳಿಸುತ್ತಿತ್ತು. ಮೋಟಾರ್ ಬಿಚ್ಚಿಸಲು ₹1,800. ರಿಪೇರಿಯವನು 'ನಾಳೆ ಬನ್ನಿ, ನಾಳೆ ಬನ್ನಿ' ಅಂತ ಒಂದು ಮಳೆಗಾಲ ಕಳೆದ. ಕೊನೆಗೆ ಸೂಜಿ. 78ಕ್ಕೆ 3 ಮಿಲ್ ತುದಿಯದು ಬೇಕು (ಮಿಲ್ ಅಂದರೆ ಇಂಚಿನ ಸಾವಿರದ ಒಂದು ಪಾಲು). ಎಲ್‌ಪಿಯ, ಅಂದರೆ ಹೆಚ್ಚು ಹೊತ್ತು ಹಾಡುವ 33ರ ಪ್ಲೇಟಿನ, 0.7 ಮಿಲ್ ಸೂಜಿ ಅಗಲ ಗೀರಿನ ತಳಕ್ಕೆ ಇಳಿದು ಬರೀ ಕಸ ಓದುತ್ತದೆ. ಅದಕ್ಕೆ ₹4,200. ಮನೆಯಲ್ಲಿ ಇನ್ನೂ ₹1,200 ಅಂತಲೇ ಗೊತ್ತು. ಆದರೆ 'ನಾಂದಿ'ಯ 'ಹಾಡೊಂದ ಹಾಡುವೆ' ಹಾಕಿದೆ ನೋಡಿ, ಪಕ್ಕದ ಮನೆಯವರು ಕಿಟಕಿ ತೆಗೆದರು. ಖರ್ಚು ಮರೆತೆ ಅಂತ ಹೇಳಲ್ಲ. ಮರೆತಿಲ್ಲ.

ಇಯರ್‌ಫೋನ್ ಸಾಕು: ₹16,200 ಕೊಟ್ಟು ಮೂರು ನಿಮಿಷದ ಹಾಡು! 78ರ ಒಂದು ಮಗ್ಗುಲಿಗೆ ಹಿಡಿಯೋದೇ ಅಷ್ಟು. ನಾನು ಒಂದು ರೂಪಾಯಿ ಖರ್ಚು ಮಾಡದೆ 'ನಕ್ಕರೆ ಅದೇ ಸ್ವರ್ಗ'ದ (1967) 'ಕನಸಿದೋ ನನಸಿದೋ' ಕೇಳಿದೆ. ಎಸ್‌ಪಿಬಿ ಕನ್ನಡಕ್ಕೆ ಬಂದಿದ್ದು ಆ ಸಿನಿಮಾದಿಂದ, ಎಂ. ರಂಗರಾವ್ ಸಂಗೀತ. ಎಷ್ಟು ಜನಕ್ಕೆ ಗೊತ್ತು? ಪ್ಲೇಟು ಧೂಳಾಗಿದ್ದರೆ ಸ್ಪಿರಿಟ್ ಹಾಕಿ ಒರೆಸಿ, ಯಾರಿಗಾದರೂ ಮಾರಿಬಿಡಿ.

ಹಳೇರೇಡಿಯೋ: ಸ್ಪಿರಿಟ್ ಹಾಕಬೇಡಿ!! 78ರ ಪ್ಲೇಟಿನಲ್ಲಿ ಇರೋದು ಅರಗು. ಸ್ಪಿರಿಟ್ ಬಿದ್ದರೆ ಕರಗುತ್ತದೆ. ನನ್ನ 'ಸಂಧ್ಯಾರಾಗ'ದ ಪ್ಲೇಟನ್ನು ಅದೇ ರಿಪೇರಿಯವನು ಹೀಗೇ ಒರೆಸಿ ಕೊಟ್ಟ. ಭೀಮಸೇನ ಜೋಶಿಯವರ 'ನಂಬಿದೆ ನಿನ್ನ ನಾದ ದೇವತೆಯೇ' ಈಗ ಬರೀ ಚರಚರ. ಅವನು ಅದಕ್ಕೂ ₹150 ಇಸ್ಕೊಂಡ. ಡಿಸ್ಟಿಲ್ಡ್ ನೀರು, ಪಾತ್ರೆ ಸೋಪು ಒಂದೇ ಹನಿ, ಮೆತ್ತನೆ ಬಟ್ಟೆ. ನಡುವಿನ ಕಾಗದ ಒದ್ದೆಯಾಗಬಾರದು. ಗೊತ್ತಿಲ್ಲದಿದ್ದರೆ ಸುಮ್ನಿರಿ ಸ್ವಾಮಿ.

ಇಯರ್‌ಫೋನ್ ಸಾಕು: ಸಿಟ್ಟು ರಿಪೇರಿಯವನ ಮೇಲೆ, ಬೈಗುಳ ನನಗೆ.

ಕಪ್ಪುಬಿಳುಪು: ಸಿನಿಮಾ ಬಗ್ಗೆ ಯಾರೂ ಹೇಳಲೇ ಇಲ್ಲವಲ್ಲ. ಎಲ್ಲರೂ 'ಬೆಳ್ಳಿಮೋಡ', 'ಗೆಜ್ಜೆಪೂಜೆ' ಅಂತ ಪುಟ್ಟಣ್ಣನವರ ಹತ್ತಿರ ನಿಂತುಬಿಡುತ್ತಾರೆ. ಎನ್. ಲಕ್ಷ್ಮೀನಾರಾಯಣ್ 1964ರಲ್ಲೇ 'ನಾಂದಿ' ಮಾಡಿದ್ದರು, ಕಿವಿ ಕೇಳದ, ಮಾತು ಬಾರದವರ ಬದುಕಿನ ಕಥೆ. 1969ರಲ್ಲಿ ಚದುರಂಗರ ಕಾದಂಬರಿಯಿಂದ 'ಉಯ್ಯಾಲೆ'. ಎರಡಕ್ಕೂ ವಿಜಯಭಾಸ್ಕರ್ ಸಂಗೀತ.

ಒಂದು ಹಳೇ 16 ಎಂಎಂ ಪ್ರಿಂಟ್ ಸಿಗುತ್ತೆ ಅಂತ ₹11,000 ಕೊಟ್ಟೆ. ಡಬ್ಬಿ ತೆಗೆದರೆ ಗಪ್ ಅಂತ ವಿನೆಗರ್ ವಾಸನೆ. ಆ ಕಾಲದ ಅಸಿಟೇಟ್ ಫಿಲ್ಮು ಸೆಕೆಗೆ ಹಾಳಾದರೆ ಹೀಗೇ. ರೀಲು ಕುಗ್ಗಿತ್ತು, ಅಂಚಿನ ತೂತು ಯಂತ್ರದ ಹಲ್ಲಿಗೆ ಕೂರುತ್ತಿರಲಿಲ್ಲ. ಸ್ಕ್ಯಾನ್ ಮಾಡೋರು ₹65,000 ಕೇಳಿದರು, ಅದೂ 'ಹರಿದರೆ ನಮ್ಮ ಜವಾಬ್ದಾರಿ ಅಲ್ಲ' ಅಂತ ಬರೆಸಿಕೊಂಡು. ಕೊಡಲಿಲ್ಲ. ಡಬ್ಬಿ ಈಗ ಬಾಲ್ಕನಿಯಲ್ಲಿದೆ, ಒಳಗೆ ಯಾರೂ ಬಿಡಲ್ಲ.

ಇಯರ್‌ಫೋನ್ ಸಾಕು: ಇದಕ್ಕೇ ಬಣ್ಣ ಹಾಕಿ ಬಿಡಬೇಕು ಅನ್ನೋದು. 'ಸತ್ಯ ಹರಿಶ್ಚಂದ್ರ' 2008ರಲ್ಲಿ ಬಣ್ಣದಲ್ಲಿ ಬಂತು, ನನ್ನ ಮಕ್ಕಳು ಪೂರ್ತಿ ನೋಡಿದರು. ಕಪ್ಪುಬಿಳುಪು ಆಗಿದ್ದರೆ ಕೂರುತ್ತಿದ್ದರಾ?

ಕಪ್ಪುಬಿಳುಪು: ಮಸಣದ ದೃಶ್ಯಕ್ಕೆ ನೆರಳು ಲೆಕ್ಕ ಹಾಕಿ ಲೈಟ್ ಇಟ್ಟವರಿದ್ದಾರೆ. ಅದರ ಮೇಲೆ ಕಂಪ್ಯೂಟರ್‌ನಲ್ಲಿ ಸುಣ್ಣಬಣ್ಣ. ಹಳೇ ಹಾಡಿನ ಮೇಲೆ ಜಂಕಾರ್ ಬೀಟ್ಸ್ ಅಂತ ಹೊಸ ತಾಳದ ಸದ್ದು ಸೇರಿಸೋದೂ ಇದೇ ಜಾತಿ.

ಇಯರ್‌ಫೋನ್ ಸಾಕು: ಪಿ.ಬಿ.ಎಸ್ 'ಕುಲದಲ್ಲಿ ಕೀಳ್ಯಾವುದೋ' ಹಾಡುವಾಗ ಪರದೆ ಮೇಲೆ ಬಣ್ಣ ಇದ್ದರೆ ನಿಮಗೇನು ನಷ್ಟ?

ಹಳೇರೇಡಿಯೋ: ಅದು ಘಂಟಸಾಲ.

ಕಪ್ಪುಬಿಳುಪು: ಘಂಟಸಾಲ ಕಣ್ರೀ!

ಹಳೇರೇಡಿಯೋ: ಪ್ಲೇಟಿನ ಮೇಲೆ ಅಚ್ಚಾಗಿರುತ್ತದೆ. ನೆಟ್‌ನಲ್ಲಿ ಯಾರೋ ಹಾಕಿದ ಹೆಸರು ನಂಬಿದರೆ ಹೀಗೇ.

ಇಯರ್‌ಫೋನ್ ಸಾಕು: ಒಂದು ಹೆಸರು ತಿಳಿಯೋಕೆ ₹16,200. ಅಭಿನಂದನೆಗಳು.

ಅಟ್ಟದಪೆಟ್ಟಿಗೆ: ಆ 3 ಮಿಲ್ ಸೂಜಿ 45ರವಕ್ಕೂ ಆಗುತ್ತಾ?

ಹಳೇರೇಡಿಯೋ: ಆಗಲ್ಲ. ಸಣ್ಣ ಗೀರು ಹಾಳಾಗುತ್ತದೆ. ಎರಡು ಸೂಜಿ ಕೊಳ್ಳಬೇಕು. ಮನೆಯಲ್ಲಿ ಒಂದೇ ಅಂತ ಹೇಳಿ.