ಭಾರದ ಬುಲೆಟ್ ಬೇಗ ಬೀಳಲ್ವಾ ಸರ್?

ಪ್ರಶ್ನೆ (ಮದ್ದೂರಿನಿಂದ): ನಮಸ್ಕಾರ ಸರ್. ಮೈಸೂರಿನ ಕ್ಲಬ್ಬೊಂದರಲ್ಲಿ .22 ರೈಫಲ್ ಹಿಡಿದು 50 ಮೀಟರ್ ಅಭ್ಯಾಸ ಮಾಡುತ್ತಿದ್ದೇನೆ. ದೂರದ ಶೂಟಿಂಗ್ ವಿಡಿಯೊ ನೋಡಿ ತಲೆ ಕೆಟ್ಟಿದೆ. ಯಾವ ಗುಂಡು ಒಳ್ಳೆಯದು ಅಂದರೆ ಒಬ್ಬರು .308 ಅಂತಾರೆ, ಇನ್ನೊಬ್ಬರು 6.5 ಕ್ರೀಡ್‌ಮೂರ್ ಅಂತಾರೆ. ಅದರಲ್ಲೂ 140, 168, 175 ಗ್ರೇನ್ (ಬುಲೆಟ್ ತೂಕದ ಅಳತೆ) ಅಂತ ಬೇರೆ. ಭಾರದ ಬುಲೆಟ್ ಬೇಗ ಬೀಳಲ್ವಾ? ಮತ್ಯಾಕೆ ದೂರಕ್ಕೆ ಅದನ್ನೇ ಹಾಕುತ್ತಾರೆ?

ಉತ್ತರ (ರೈಫಲ್ ಕೋಚ್, ಮೈಸೂರು): ಭಾರಕ್ಕೂ ಬೀಳೋದಕ್ಕೂ ನೇರ ಸಂಬಂಧ ಇಲ್ಲ. ಬುಲೆಟ್ ಎಷ್ಟು ಹೊತ್ತು ಗಾಳಿಯಲ್ಲಿರುತ್ತದೋ ಅಷ್ಟು ಕೆಳಗಿಳಿಯುತ್ತದೆ. ಭಾರದ್ದು ನಳಿಕೆಯಿಂದ ಸ್ವಲ್ಪ ನಿಧಾನವಾಗಿ ಹೊರಡುತ್ತದೆ, ನಿಜ. ಆದರೆ ಉದ್ದ, ಚೂಪು ಇದ್ದರೆ ವೇಗ ಬೇಗ ಕಳೆದುಕೊಳ್ಳುವುದಿಲ್ಲ. ಈ ಗುಣಕ್ಕೆ ಬ್ಯಾಲಿಸ್ಟಿಕ್ ಕೋಎಫಿಷಿಯೆಂಟ್ ಅಂತ ಒಂದು ಅಂಕಿ ಕೊಡುತ್ತಾರೆ. ಹೆಚ್ಚಿದ್ದಷ್ಟೂ ಒಳ್ಳೆಯದು.

.308 ಬಂದದ್ದು 1952ರಲ್ಲಿ. ಅದರ 175 ಗ್ರೇನ್ ಬುಲೆಟ್ (ಸುಮಾರು 11.3 ಗ್ರಾಂ) ಸೆಕೆಂಡಿಗೆ 790 ಮೀಟರ್ ಆಸುಪಾಸಿನಲ್ಲಿ ಹೊರಡುತ್ತದೆ. 2007ರಲ್ಲಿ ಬಂದ 6.5 ಕ್ರೀಡ್‌ಮೂರ್‌ನ 140 ಗ್ರೇನ್ ಅದಕ್ಕಿಂತ ಹಗುರ, ಆದರೆ ಸಣಕಲು. ಹಾಗಾಗಿ ಗಾಳಿಯನ್ನು ಚೆನ್ನಾಗಿ ಸೀಳುತ್ತದೆ. ಗಂಟೆಗೆ 16 ಕಿಲೋಮೀಟರ್ ಅಡ್ಡಗಾಳಿ ಇದ್ದರೆ 900 ಮೀಟರ್ ತಲುಪುವಷ್ಟರಲ್ಲಿ .308 ಬುಲೆಟ್ ಎರಡು ಮೀಟರಿಗೂ ಜಾಸ್ತಿ ಪಕ್ಕಕ್ಕೆ ಸರಿದಿರುತ್ತದೆ. ಕ್ರೀಡ್‌ಮೂರ್ ಅದಕ್ಕಿಂತ ಅರ್ಧ ಮೀಟರ್ ಆದರೂ ಕಡಿಮೆ ಸರಿಯುತ್ತದೆ. ಬೀಳೋದನ್ನು ಲೆಕ್ಕ ಹಾಕಿ ಸೈಟ್ (ರೈಫಲ್ ಮೇಲೆ ಗುರಿ ನೋಡುವ ಸಾಧನ) ತಿರುಗಿಸಬಹುದು. ಗಾಳಿ ಯಾರ ಲೆಕ್ಕಕ್ಕೂ ಸಿಗಲ್ಲ, ಅದರಲ್ಲೂ ನಮ್ಮ ಆಷಾಢದ ಗಾಳಿ!

.308ರ 168 ಗ್ರೇನ್ ಬಗ್ಗೆ ಒಂದು ಮಾತು. 500-600 ಮೀಟರ್‌ವರೆಗೆ ಬಂಗಾರದಂಥ ಬುಲೆಟ್. ಸಾವಿರ ಗಜದ ಹತ್ತಿರ ಅದರ ವೇಗ ಶಬ್ದದ ವೇಗಕ್ಕೆ ಇಳಿಯುತ್ತದೆ, ಆಗ ಓಲಾಡಲು ಶುರು. ಅಷ್ಟು ದೂರಕ್ಕೆ 175 ಹಾಕುವುದು ಅದಕ್ಕೇ.

ಮದ್ದೂರು: ಹಾಗಾದರೆ .22ನಲ್ಲೂ ಹೀಗೇನಾ?

ಕೋಚ್: ಇದೇ ಆಟ. ನೀವು ಬಳಸುವ ಮ್ಯಾಚ್ (ಸ್ಪರ್ಧೆಯ) ಬುಲೆಟ್ 40 ಗ್ರೇನ್, ವೇಗ ಶಬ್ದಕ್ಕಿಂತ ಸ್ವಲ್ಪ ಕಡಿಮೆ. ಬೇಕಂತಲೇ ಹಾಗೆ ಮಾಡಿರುತ್ತಾರೆ, ದಾರಿಯಲ್ಲಿ ಆ ಗಡಿ ದಾಟುವ ತಂಟೆಯೇ ಬೇಡ ಅಂತ. 50 ಮೀಟರಿಗೆ ಸರಿಮಾಡಿಕೊಂಡ ಸೈಟಿನಲ್ಲೇ 100 ಮೀಟರಿಗೆ ಹೊಡೆದರೆ ಹೆಚ್ಚು ಕಡಿಮೆ ಒಂದು ಗೇಣು ಕೆಳಗೆ ಬೀಳುತ್ತದೆ. ಗಾಳಿ ತೋರಿಸುವ ರೇಂಜಿನ ಬಾವುಟ ನೋಡದೆ ಟ್ರಿಗರ್ ಒತ್ತುವವರಿಗೆ 6.5 ಕೊಟ್ಟರೂ ಅಷ್ಟೇ, ಕೊಡದಿದ್ದರೂ ಅಷ್ಟೇ. ನಾನಾದರೆ ಸದ್ಯಕ್ಕೆ ರೈಫಲ್ ಬದಲಿಸದೆ ಆ ದುಡ್ಡನ್ನು .22 ಗುಂಡುಗಳಿಗೆ ಹಾಕುತ್ತೇನೆ. ಒಂದೇ ಬ್ರ್ಯಾಂಡಿನ ಬೇರೆ ಬೇರೆ ಲಾಟ್ (ಒಂದೇ ಸಲಕ್ಕೆ ತಯಾರಾದ ಕಂತು) ತಂದು ನಿಮ್ಮ ಬ್ಯಾರೆಲ್ಲಿಗೆ ಯಾವುದು ಒಗ್ಗುತ್ತದೆ ನೋಡಿ. ವ್ಯತ್ಯಾಸ ಪೇಪರ್ ಮೇಲೆ ಕಾಣುತ್ತದೆ.

ಶ್ರೀರಂಗಪಟ್ಟಣದಿಂದ ಇನ್ನೊಬ್ಬರು: ಸರ್, ಅಪ್ಪನ ಹೆಸರಲ್ಲಿ .315 ರೈಫಲ್ ಇದೆ. ಬುಲೆಟ್ 244 ಗ್ರೇನ್. ಇಷ್ಟು ಭಾರ ಇದೆಯಲ್ಲ, 500 ಮೀಟರ್ ಗುರಿಗೆ ಆಗುತ್ತಾ?

ಕೋಚ್: ನೋಡಿ, ಭಾರ ಒಂದೇ ಸಾಲದು ಅನ್ನೋದಕ್ಕೆ ಇದೇ ಉದಾಹರಣೆ. ಮೂತಿ ಮೊಂಡು, ವೇಗವೂ ಕಡಿಮೆ. ಹತ್ತಿರದ ಕೆಲಸಕ್ಕೆ ಮಾಡಿದ ರೈಫಲ್ ಅದು. ಇನ್ನೊಂದು, ಅಪ್ಪನ ಲೈಸೆನ್ಸಿನ ಕೋವಿಯನ್ನು ನೀವು ಒಬ್ಬರೇ ಹೊತ್ತುಕೊಂಡು ಓಡಾಡುವ ಹಾಗಿಲ್ಲ. ಗದ್ದೆ ಬದುವಿನಲ್ಲಿ ಸುಮ್ನೆ ಪ್ರಯತ್ನ ಮಾಡೋದಂತೂ ಬೇಡವೇ ಬೇಡ. .22 ಗುಂಡೇ ಒಂದೂವರೆ ಕಿಲೋಮೀಟರ್ ಹೋಗಬಲ್ಲದು, ಇದು ಇನ್ನೂ ದೂರ ಹೋಗುತ್ತದೆ. ಕಬ್ಬಿನ ಆಚೆ ಯಾರಿದ್ದಾರೆ ಅಂತ ನಿಮಗೆ ಕಾಣುತ್ತಾ? ಆಸಕ್ತಿ ಇದ್ದರೆ ಕ್ಲಬ್ಬಿಗೆ ಬನ್ನಿ, ಏರ್ ರೈಫಲ್‌ನಿಂದ ಶುರು ಮಾಡೋಣ.