ಅಪ್‌ಡೇಟ್: ಪುಟ್ಟ ಲೇತ್‌ನ ಸ್ಕ್ರಾಲ್ ಸಾ ಈಗ ಚೆನ್ನಾಗಿ ಕೊಯ್ಯುತ್ತಿದೆ
ಲೇತ್‌ಗೆ (ವಸ್ತುವನ್ನು ತಿರುಗಿಸಿ ಕಡೆಯುವ ಯಂತ್ರ) ಜೋಡಿಸಿದ ಸ್ಕ್ರಾಲ್ ಸಾದಲ್ಲಿ (ತೆಳು ಬ್ಲೇಡ್ ಮೇಲೆ-ಕೆಳಗೆ ಆಡಿ ಕೊಯ್ಯುವ ಗರಗಸ) 1 ಮಿ.ಮೀ. ಹಿತ್ತಾಳೆ ತಗಡು ಕುಣಿಯುತ್ತೆ, ಬ್ಲೇಡ್ ಪಟ್ ಅಂತ ಮುರಿಯುತ್ತೆ ಅಂತ ಹೋದ ವಾರ ಕೇಳಿದ್ದೆನಲ್ಲ, ಸರಿಯಾಯ್ತು!

ಬ್ಲೇಡ್ ಇನ್ನೂ ಬಿಗಿ ಮಾಡಿ ನೋಡಿದೆ, ಪ್ರಯೋಜನವಾಗಲಿಲ್ಲ. ಇನ್ನೆರಡು ಮುರಿದವು. ಕೈಹಿಡಿದದ್ದು ‘ಹಲ್ಲು ಎಣಿಸಿ’ ಎಂದವರ ಸಲಹೆ. ತಗಡಿನ ದಪ್ಪದೊಳಗೆ ಕನಿಷ್ಠ 2-3 ಹಲ್ಲು ಇರಬೇಕಂತೆ. ನನ್ನದು ಮರ ಕೊಯ್ಯುವ, ದೊಡ್ಡ ಹಲ್ಲಿನ ಬ್ಲೇಡ್. ತಗಡಿನ ಅಂಚು ಎರಡು ಹಲ್ಲುಗಳ ಸಂದಿಗೇ ಬಿದ್ದು ಸಿಕ್ಕಿಕೊಳ್ಳುತ್ತಿತ್ತು. ಒಡವೆ ಕೆಲಸದವರ ಸಣ್ಣ ಹಲ್ಲಿನ ಬ್ಲೇಡ್ ಹಾಕಿ, ತಗಡಿನ ಕೆಳಗೆ ತೆಳು ಪ್ಲೈವುಡ್ ಅಂಟಿಸಿದೆ. ಬೆಣ್ಣೆ ಕೊಯ್ದ ಹಾಗೆ ಹೋಯ್ತು!

ನನಗೆ ಮೊದಲು ಗೊತ್ತಿರದ ಒಂದು ವಿಷಯ: ನನ್ನ ಜೋಡಣೆಯಲ್ಲಿ ಸ್ಪಿಂಡಲ್ (ಲೇತ್‌ನ ತಿರುಗುವ ದಂಡ) ಒಂದು ಸುತ್ತು ಬಂದರೆ ಬ್ಲೇಡ್ ಒಮ್ಮೆ ಮೇಲೆ-ಕೆಳಗೆ ಹೋಗುತ್ತೆ. ಹಾಗಾಗಿ ಲೇತ್ ವೇಗ ತಗ್ಗಿಸಿದರೆ ಸಾಕು, ಬ್ಲೇಡೂ ನಿಧಾನವಾಗುತ್ತೆ. ಸಣ್ಣಪುಟ್ಟ ಭಾಗಗಳಿಗೆ ಲೇತ್‌ಗೆ ಜೋಡಿಸುವ ಈ ಸಾ ನಿಜಕ್ಕೂ ಉಪಯೋಗ. ದಿನವೂ ಕೊಯ್ಯುವವರಿಗೆ ಮಾತ್ರ ಬಿಚ್ಚಿ ಜೋಡಿಸೋದೇ ಜಾಸ್ತಿ ಕೆಲಸ.