ಪಾಯದ ಮಣ್ಣಿನ ಇಟ್ಟಿಗೆ ಬಿರುಕು ಬಿಡುತ್ತಿದೆ, ಸಿಮೆಂಟ್ ಹೆಚ್ಚಿಸಬೇಕೇ?

ಕೆಮ್ಮಣ್ಣು:
ಪಾಯ ಅಗೆದ ಕೆಂಪು ಮಣ್ಣನ್ನು ಹೊರಗೆ ಸಾಗಿಸದೆ ಅದರಲ್ಲೇ ಗೋಡೆಯ ಇಟ್ಟಿಗೆ ಒತ್ತಿಸುವ ಯೋಚನೆ ಇದೆ. ಅಳತೆ 230×190×100 ಮಿ.ಮೀ., ಕೈಯಂತ್ರ, ಸಿಮೆಂಟ್ ಶೇ 5. ಮಾದರಿ ಇಟ್ಟಿಗೆಗಳಲ್ಲಿ ಎರಡನೇ ದಿನವೇ ಕೂದಲೆಳೆಯ ಬಿರುಕು, ಅಂಚೂ ಉದುರುತ್ತಿದೆ. ಸಿಮೆಂಟ್ ಶೇ 10 ಮಾಡಿದರೆ ನಿಲ್ಲುತ್ತದೆಯೇ?

ತಳಪಾಯ:
ದಯವಿಟ್ಟು ಸಿಮೆಂಟ್ ಏರಿಸಬೇಡಿ, ಮೊದಲು ಮಣ್ಣು ನೋಡಿ. ಜೇಡಿ ಹೆಚ್ಚಿದ್ದರೆ ಒಣಗುವಾಗ ಕುಗ್ಗುತ್ತದೆ; ಆ ಎಳೆತ ತಡೆಯುವ ಬಲ ಎರಡು ದಿನದ ಸಿಮೆಂಟಿಗೆ ಇರುವುದಿಲ್ಲ. ಮಿಶ್ರಣದಲ್ಲಿ ಮರಳಿನಂಶ ಶೇ 65 ದಾಟಿರಬೇಕು, ಜೇಡಿ ಶೇ 10–15 ಸಾಕು.

ಗಾಜಿನ ಬಾಟಲಿಯ ಮೂರನೇ ಒಂದು ಭಾಗ ಮಣ್ಣು, ಉಳಿದದ್ದು ನೀರು, ಚಿಟಿಕೆ ಉಪ್ಪು ಹಾಕಿ ಕುಲುಕಿ ಒಂದು ದಿನ ಬಿಡಿ. ತಳದಲ್ಲಿ ಮರಳು, ಮೇಲೆ ಜೇಡಿ ಕೂರುತ್ತದೆ. ನೀರಲ್ಲಿ ಜೇಡಿ ಉಬ್ಬುವುದರಿಂದ ಆ ಪದರ ಇರುವುದಕ್ಕಿಂತ ದಪ್ಪ ಕಾಣುತ್ತದೆ, ಇದು ಅಂದಾಜು ಮಾತ್ರ. ಖಚಿತವಾಗಿ ತಿಳಿಯಲು 600×40×40 ಮಿ.ಮೀ. ಮರದ ಅಚ್ಚಿಗೆ ಎಣ್ಣೆ ಸವರಿ, ಒದ್ದೆ ಮಣ್ಣು ತುಂಬಿ ನೆರಳಲ್ಲಿ ಒಣಗಿಸಿ ಕುಗ್ಗಿದ್ದನ್ನು ಅಳೆಯಿರಿ. ಮಣ್ಣಿಗೆ ಅರ್ಧ ಪಾಲು, ಸಮಪಾಲು ಕ್ರಷರ್ ಪುಡಿ (ಜಲ್ಲಿ ಒಡೆಯುವಾಗ ಬರುವ ಕಲ್ಲುಪುಡಿ) ಬೆರೆಸಿಯೂ ಇದನ್ನೇ ಮಾಡಿ ಹೋಲಿಸಿ. ಬೇರು, ಕಸ ಇರುವ ಮೇಲ್ಮಣ್ಣು ಬೇಡವೇ ಬೇಡ. ಅದು ಸಿಮೆಂಟ್ ಗಟ್ಟಿಯಾಗಲು ಬಿಡುವುದಿಲ್ಲ. ಅದನ್ನು ತೋಟಕ್ಕೆ ತೆಗೆದಿಡಿ.

ಸಿಮೆಂಟ್ ಏರಿಸಿದರೆ ಚೀಲಕ್ಕೆ ಎಷ್ಟು ಇಟ್ಟಿಗೆ ಎಂಬ ಲೆಕ್ಕ ಹೀಗಿದೆ: ಈ ಅಳತೆಯ ಇಟ್ಟಿಗೆಯ ಒಣತೂಕ ಸುಮಾರು 7.9 ಕೆ.ಜಿ. ಶೇ 7 ಸಿಮೆಂಟಿನಲ್ಲಿ 50 ಕೆ.ಜಿ. ಚೀಲಕ್ಕೆ 90ಕ್ಕೂ ಹೆಚ್ಚು ಇಟ್ಟಿಗೆ, ಶೇ 10ರಲ್ಲಿ 65ರ ಸುಮಾರು.

ಹಸಿಗೋಡೆ:
ಅಂಚು ಉದುರುವುದಕ್ಕೆ ಕಾರಣ ಬೇರೆ. ಸಿಮೆಂಟನ್ನು ಒಣಗಿದ್ದಾಗಲೇ ಬಣ್ಣ ಒಂದೇ ಆಗುವವರೆಗೆ ಬೆರೆಸಿ, ಆಮೇಲೆ ನೀರು ಚಿಮುಕಿಸಿ. ಮುದ್ದೆ ಕಟ್ಟಿ ಎದೆಯೆತ್ತರದಿಂದ ಬೀಳಿಸಿ: ನಾಲ್ಕೈದು ಚೂರಾದರೆ ಹದ, ಪುಡಿಯಾದರೆ ನೀರು ಕಡಿಮೆ, ಚಪ್ಪಟೆಯಾದರೆ ಹೆಚ್ಚು. ಅಚ್ಚಿಗೆ ಕಣ್ಣಳತೆಯಲ್ಲಿ ತುಂಬಬೇಡಿ, ಪ್ರತಿ ಸಲ ತೂಗಿ (ನೀರು ಸೇರಿ ಸುಮಾರು 8.7 ಕೆ.ಜಿ.), ತೂಕ ಕಡಿಮೆಯಾದರೆ ಒತ್ತಡ ಸಾಲದೆ ಅಂಚು ಸಡಿಲವಾಗುತ್ತದೆ. ಕಲಸಿದ್ದು ಅರ್ಧ ಗಂಟೆಯೊಳಗೆ ಮುಗಿಯಬೇಕು. ಉಳಿದದ್ದಕ್ಕೆ ಮತ್ತೆ ನೀರು ಹಾಕಿ ಒತ್ತಿದರೆ ಹಿಡಿತ ಬರದು.

ಬಿಸಿಲಿಗೆ ಬಿಟ್ಟಿದ್ದೀರಾ? ಮೊದಲ ಎರಡು ದಿನ ಪ್ಲಾಸ್ಟಿಕ್ ಹಾಳೆ ಹೊದಿಸಿ, ನಂತರ ಗೋಣಿಚೀಲ ಮುಚ್ಚಿ 28 ದಿನ ತೇವವಾಗಿಡಿ.

ಗಾರೆಪಟ್ಟಿ:
ಕಟ್ಟುವಾಗ 1:4 ಸಿಮೆಂಟ್ ಗಾರೆ ಬೇಡ. ಗಾರೆ ಇಟ್ಟಿಗೆಗಿಂತ ಗಟ್ಟಿಯಾದರೆ ಬಿರುಕು ಸಂದಿಯಲ್ಲಿ ನಿಲ್ಲದೆ ಇಟ್ಟಿಗೆಯನ್ನೇ ಸೀಳುತ್ತದೆ. ಸಿಮೆಂಟ್, ಸುಣ್ಣ, ಮರಳು 1:1:6 ಸಾಕು.

ಕೆಮ್ಮಣ್ಣು:
ಕೆಟ್ಟ ಮಾದರಿಗಳನ್ನು ಪುಡಿಮಾಡಿ ಮತ್ತೆ ಒತ್ತಬಹುದೇ?

ತಳಪಾಯ:
ಬೇಡ, ಅದರ ಸಿಮೆಂಟ್ ಆಗಲೇ ಗಟ್ಟಿಯಾಗಿದೆ. ಒಡೆದು ನೆಲದಡಿಯ ಭರ್ತಿಗೆ ಹಾಕಿ ದಮ್ಮಸು ಮಾಡಿಸಿ.